ಅವ್ವನ ಸೀರೆಯ ದಾಸವಾಳ

(ಕೊಪ್ಪಳದ ಓದುಗರೊಬ್ಬರ ಪತ್ರದ ಸಾರ: ತೀರಿಕೊಂಡ ತಾಯಿಯ ಇಳಕಲ್ ಸೀರೆಯ ಒಡಲು ಜೀರ್ಣವಾಗಿದೆ, ರೇಷ್ಮೆ ಸೆರಗು ಇನ್ನೂ ಗಟ್ಟಿಯಾಗಿದೆ. ಅದರಿಂದ ಹೂ ಮಾಡಿ ದೇವರ ಜಗುಲಿ ಸಿಂಗರಿಸಲು ಕಲಿಯುವ ಆಸೆ. ಬೇಸಿಗೆಯಲ್ಲಿ ಗಿಡದ ಹೂ ಮಧ್ಯಾಹ್ನದೊಳಗೆ ಬಾಡುತ್ತದೆ. ಆದರೆ ‘ಸುಳ್ಳು ಹೂ ದೇವರಿಗೆ ಬೇಡ’ ಎನ್ನುತ್ತಾರೆ ಅತ್ತೆಯವರು. ಏನು ಮಾಡಲಿ?)

ತಂಗಿ,

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಏರಿಸಿದ ಹೂ ಮರುದಿನ ನಿರ್ಮಾಲ್ಯವಾಗಿ ಇಳಿಯುತ್ತದೆ. ಬಟ್ಟೆಯ ಹೂವನ್ನು ಇಳಿಸುವ ನೆನಪು ಯಾರಿಗೂ ಆಗುವುದಿಲ್ಲ. ನಮ್ಮ ಕಚೇರಿಯ ಗಣಪತಿ ಪಟಕ್ಕೆ ಒಂದು ಆಯುಧಪೂಜೆಯ ದಿನ ನಾನೇ ಸಿಕ್ಕಿಸಿದ ಪ್ಲಾಸ್ಟಿಕ್ ಸೇವಂತಿಗೆ ಮುಂದಿನ ಆಯುಧಪೂಜೆಯವರೆಗೂ ಅಲ್ಲಿಯೇ ಇತ್ತು. ಹಳದಿ ಹೋಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಪಾದಕ್ಕೆ ಒಂದಾದರೂ ಗಿಡದ ಹೂ ಇರಲಿ, ಅದೂ ಸಿಗದ ದಿನ ಒಂದು ಎಲೆ ಪತ್ರೆ. ಸುತ್ತಲಿನ ಅಲಂಕಾರಕ್ಕೆ ನಿಮ್ಮ ರೇಷ್ಮೆ.

‘ಸುಳ್ಳು’ ಎಂಬ ಪದವನ್ನು ಮಾತ್ರ ನಾನು ಒಪ್ಪಲಾರೆ. ನಿಮಗೆ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಮರ ಕೆತ್ತಿ, ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟು ಕಲಸಿ ಮೆತ್ತಿ, ಬಣ್ಣ ಬಳಿದು ದೇವಿಯನ್ನೇ ಮಾಡುತ್ತಾರೆ. ಆ ದೇವಿಗೆ ಕೈಮುಗಿಯುವವರು ಮರವನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಇನ್ನು ಸೀರೆ. ಕತ್ತರಿ ಹಾಕುವ ಮೊದಲು ಸೆರಗಿನಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಉಜ್ಜಿದರೆ ಪುಡಿಯಾಗುವ ಬೂದಿ ಉಳಿದರೆ ಅದು ರೇಷ್ಮೆ. ಕಾಗದ ಸುಟ್ಟಂತೆ ನಾತ ಬಂದರೆ ರೇಯಾನ್ ಅಥವಾ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅಂಗಡಿಗಳಲ್ಲಿ ‘ಸಿಲ್ಕ್ ಹೂ’ ಎಂದು ಮಾರುವುದರಲ್ಲಿ ಬಹುಪಾಲು ಇದೇ.

ಸೆರಗಿನ ಕೆಂಪಿಗೆ ದಾಸವಾಳವೇ ಸರಿ. ಮೊದಲು ಹಿತ್ತಿಲಿನ ದಾಸವಾಳವೊಂದನ್ನು ಬಿಡಿಸಿ ನೋಡಿ. ಒಂಟಿ ಸುತ್ತಿನ ಹೂವಿಗೆ ಎಸಳು ಐದೇ. ಪ್ರತಿ ಎಸಳೂ ಪಕ್ಕದ ಎಸಳಿನ ಮೇಲೆ ಒಂದೇ ದಿಕ್ಕಿಗೆ ಏರಿ ಕುಳಿತಿರುತ್ತದೆ, ನೆರಿಗೆ ಹಿಡಿದಂತೆ. ಈ ಏರಿಕೆ ತಪ್ಪಿದರೆ ಎಷ್ಟೇ ಚೆಂದ ಕತ್ತರಿಸಿದರೂ ಅದು ದಾಸವಾಳವೆನಿಸುವುದಿಲ್ಲ. ಬಿಡಿಸಿದ ಎಸಳನ್ನೇ ಕಾಗದದ ಮೇಲಿಟ್ಟು ಅಚ್ಚು ತೆಗೆದುಕೊಳ್ಳಿ. ಸೆರಗಿನ ಬಟ್ಟೆ ಬಣ್ಣ ಬಿಡುವುದಿಲ್ಲವೆಂದು ಅದರ ಒಂದು ಮೂಲೆ ಒದ್ದೆ ಮಾಡಿ ನೋಡಿಕೊಂಡು, ತೆಳು ಗಂಜಿಯಲ್ಲಿ ಅದ್ದಿ ಸ್ಟೀಲ್ ತಟ್ಟೆಯ ಮೇಲೆ ಹರಡಿ, ನೆರಳಿನಲ್ಲಿ ಒಣಗಿಸಿ; ಗಂಜಿ ಹಿಡಿದ ರೇಷ್ಮೆ ಅಂಚಿನಲ್ಲಿ ಎಳೆ ಬಿಚ್ಚುವುದಿಲ್ಲ. ಅಚ್ಚನ್ನು ನೇಯ್ಗೆಗೆ ಓರೆಯಾಗಿ ಇಟ್ಟು ಕತ್ತರಿಸಿದರೆ ಎಸಳು ಬಾಗುತ್ತದೆ. ತಲೆದಿಂಬಿನ ಮೇಲಿಟ್ಟು, ಬಿಸಿ ಮಾಡಿದ ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿದರೆ ಗುಳಿ ಬೀಳುತ್ತದೆ. ನಡುವಿನ ಕೇಸರಕ್ಕೆ ತಂತಿಯ ಮೇಲೆ ಕೆಂಪು ದಾರ ಸುತ್ತಿ, ತುದಿಯ ಸುತ್ತ ಹಳದಿ ನೂಲಿನ ಸಣ್ಣ ಗಂಟುಗಳನ್ನು ಹಾಕಿ. ಮೊದಲ ಹೂ ಬ್ಯಾಡಗಿ ಮೆಣಸಿನಕಾಯಿಯಂತೆ ಕಾಣಬಹುದು. ಎಸೆಯಬೇಡಿ, ನಾಲ್ಕನೆಯದರ ಪಕ್ಕ ಇಟ್ಟು ನೋಡಲು ಬೇಕಾಗುತ್ತದೆ.

ಹೂಗಳನ್ನು ತಂಬಿಗೆಯಲ್ಲಿ ಜೋಡಿಸುವಾಗ ಎಲ್ಲರೂ ಮಾಡುವ ತಪ್ಪು, ಮಾಡಿದ್ದನ್ನೆಲ್ಲ ತುರುಕುವುದು. ತಂಬಿಗೆಯ ಎತ್ತರದ ಒಂದೂವರೆ ಪಟ್ಟಿಗಿಂತ ಮೇಲೆ ಹೂ ಹೋಗದಿರಲಿ. ಮೂರು ಹೂ, ನಾಲ್ಕು ಎಲೆ ಸಾಕು. ದೇವಿಯ ಮುಖ ಮುಚ್ಚಬಾರದು. ದೀಪ, ಕರ್ಪೂರದಿಂದ ಒಂದು ಮೊಳವಾದರೂ ದೂರವಿಡಿ. ಕಿಟಕಿಯ ಬಿಸಿಲೂ ರೇಷ್ಮೆಯ ಬಣ್ಣ ತಿನ್ನುತ್ತದೆ.

ಸೆರಗಿನಲ್ಲಿ ಬಿಳಿ ತೆನೆಗಳ ವಿನ್ಯಾಸ ನೇಯ್ದಿರುವ ಭಾಗಕ್ಕೆ ಕತ್ತರಿ ತಾಗಿಸಬೇಡಿ. ಅದನ್ನು ಹಾಗೆಯೇ ಅಂಚು ಮಡಿಚಿ ಹೊಲಿದು, ಜಗುಲಿಯ ಹಿಂದೆ ಪರದೆಯಾಗಿ ಕಟ್ಟಿ. ವಾರಕ್ಕೊಮ್ಮೆ ಹೂಗಳನ್ನು ಇಳಿಸಿ, ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ಬೇರೆ ರೀತಿಯಲ್ಲಿ ಜೋಡಿಸಿ. ಪಾದದ ಹೂ ಆರಿಸುವ ಕೆಲಸ ಮಾತ್ರ ಅತ್ತೆಯವರದೇ ಇರಲಿ.

- ಸಂ.