ಮಂಡಿಯ ಕೆಳಗಿನ ದಿಂಬು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಹತ್ತುವಂಥ ವಿವರಗಳನ್ನು ಬದಲಿಸಲಾಗಿದೆ.)

ಬಂದವರು 64 ವರ್ಷದ ನಿವೃತ್ತ ಶಿಕ್ಷಕಿ. ಬಲ ಮಂಡಿಯ ಕೀಲು ಬದಲಿ ಶಸ್ತ್ರಚಿಕಿತ್ಸೆ ಆಗಿ ಐದು ವಾರವಾಗಿತ್ತು. ಮೂರನೇ ವಾರಕ್ಕೇ ಫಿಸಿಯೋಥೆರಪಿ ಬಿಟ್ಟಿದ್ದರು. ಕರೆತಂದ ಮಗಳ ದೂರು ಒಂದೇ: "ಅಮ್ಮನಿಗೆ ಎಷ್ಟು ಹೇಳಿದ್ರೂ ಕೇಳಲ್ಲ, ಮನಸ್ಸಿಗೇ ಏನೋ ಆಗಿದೆ."

ಹೆದರಿಕೆ ಎಂದು ಬರೆದುಕೊಳ್ಳುವ ಮೊದಲು ದೇಹದ ಕಡೆಯದನ್ನು ಕೇಳಬೇಕು. ಮೀನಖಂಡದಲ್ಲಿ ಹೊಸದಾಗಿ ನೋವು, ಊತ ಇದೆಯೇ? ಗಾಯ ಕೆಂಪಾಗಿದೆಯೇ, ಸೋರುತ್ತಿದೆಯೇ? ಜ್ವರ ಇದೆಯೇ? ಇದ್ದರೆ ಸಲಹೆಯ ಮಾತು ಆಮೇಲೆ, ಮೊದಲು ಶಸ್ತ್ರಚಿಕಿತ್ಸಕರು. ಉಸಿರು ಕಟ್ಟಿದಂತಾದರೆ ತುರ್ತು ಚಿಕಿತ್ಸೆಗೇ ಓಡಬೇಕು. ಇವರಿಗೆ ಅವು ಯಾವುವೂ ಇರಲಿಲ್ಲ.

ಮಗಳನ್ನು ಹೊರಗೆ ಕೂರಿಸಿ ಕೇಳಿದಾಗ ಕಥೆ ಬೇರೆಯೇ ಇತ್ತು. ಫಿಸಿಯೋಥೆರಪಿಸ್ಟ್ ದಿನಕ್ಕೊಮ್ಮೆ ಬಂದು ಕಾಲು ಮಡಚಿಸುತ್ತಿದ್ದರು. ಅದನ್ನು ನೋಡಿಕೊಂಡ ಮಗಳು ಬೆಳಿಗ್ಗೆ, ಸಂಜೆ ತಾನೂ ಮಡಚಿಸತೊಡಗಿದರು, ಕೈಯಿಂದ ಒತ್ತಿ. ಊತ ಏರಿತು, ರಾತ್ರಿ ನಿದ್ದೆ ಹೋಯಿತು. ತಾಯಿ ಬೈದದ್ದು ಮಾತ್ರ ಥೆರಪಿಸ್ಟ್‌ಗೆ. "ಅವರ ಗೇಟಿನ ಸದ್ದು ಕೇಳಿದ್ರೆ ಸಾಕು, ಎದೆ ಡವಡವ ಅನ್ನುತ್ತೆ" ಎಂದರು. ಫೋನಿನಲ್ಲಿ "ಇನ್ನು ಬರೋದು ಬೇಡ" ಅಂದದ್ದಾಯಿತು. ಕಾರಣ ಯಾರೂ ಹೇಳಲಿಲ್ಲ. ಆಮೇಲೆ ಹಗಲೂ ರಾತ್ರಿ ಮಂಡಿಯ ಕೆಳಗೆ ಒಂದು ದಿಂಬು. ಹಾಯಾಗಿತ್ತಂತೆ.

ಆ ಹಾಯೇ ಇಲ್ಲಿ ಕೆಡುಕು. ಊದಿದ ಮಂಡಿಗೆ ಅರ್ಧ ಮಡಚಿದ ಸ್ಥಿತಿಯೇ ಸುಖ. ಹಾಗೇ ವಾರಗಟ್ಟಲೆ ಇಟ್ಟರೆ ಹಿಂಭಾಗದ ಅಂಗಾಂಶ ಬಿಗಿದು ಕಾಲು ಪೂರ್ತಿ ನೆಟ್ಟಗಾಗದೆ ಹೋಗಬಹುದು, ಕುಂಟು ಉಳಿಯಬಹುದು. ಊತ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ತೊಡೆಯ ಮುಂಭಾಗದ ಸ್ನಾಯುವಿಗೆ ಹೋಗುವ ನರದ ಆಜ್ಞೆಯನ್ನು ತಗ್ಗಿಸುತ್ತದೆ. "ಕಾಲು ಎತ್ತಕ್ಕೇ ಆಗಲ್ಲ" ಎಂದು ಅವರು ಹೇಳಿದ್ದು ಹಟವಲ್ಲ, ನಿಜ.

ಎರಡನೇ ಭೇಟಿಗೆ, ಅವರ ಒಪ್ಪಿಗೆ ಪಡೆದು, ಥೆರಪಿಸ್ಟ್ ಅವರನ್ನೂ ಕರೆಸಿದೆವು. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ಅಳೆದಾಗ ಮಡಚುವಿಕೆ 70 ಡಿಗ್ರಿ. ನೆಟ್ಟಗಾಗಲು ಇನ್ನೂ 12 ಡಿಗ್ರಿ ಬಾಕಿ. ಸಮತಟ್ಟಿನ ನೆಲದಲ್ಲಿ ನಡೆಯಲು ಮಡಚುವಿಕೆ ಅಷ್ಟಿದ್ದರೆ ಹೇಗೋ ಸಾಗುತ್ತದೆ. ಮೆಟ್ಟಿಲಿಗೆ ಸುಮಾರು 90 ಬೇಕು, ಕುರ್ಚಿಯಿಂದ ಸಲೀಸಾಗಿ ಏಳಲು ಅದಕ್ಕಿಂತ ತುಸು ಹೆಚ್ಚೇ. ಹೀಗೇ ಬಿಟ್ಟರೆ ಅರಿವಳಿಕೆ ಕೊಟ್ಟು ಮಂಡಿ ಮಡಚಿಸಬೇಕಾಗಬಹುದು, ಅದೂ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಮೂರು ತಿಂಗಳೊಳಗಾದರೆ ಫಲ ಹೆಚ್ಚು. ಇದನ್ನು ಬೆದರಿಕೆಯ ದನಿಯಲ್ಲಿ ಹೇಳದೆ ಅಂಕಿಯಾಗಿ ಮುಂದಿಟ್ಟಾಗ ಆಕೆ ಮೊದಲ ಸಲ ತಾವಾಗಿ ಪ್ರಶ್ನೆ ಕೇಳಿದರು. ಮೇಷ್ಟ್ರಮ್ಮನಿಗೆ ಅಂಕಿ ಹಿಡಿಸಿತು.

ಕೊಟ್ಟ ಸಲಹೆ ಹೀಗಿತ್ತು. ಮಗಳ ಕೈ ಇನ್ನು ಮಂಡಿಯ ಮೇಲೆ ಬೀಳಬಾರದು. ಆಕೆಯ ಕೆಲಸ ಗಡಿಯಾರ ನೋಡುವುದು, ಪುಸ್ತಕದಲ್ಲಿ ಬರೆಯುವುದು. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ–ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳುವುದು, ಮುಗಿದ ಮೇಲೆ ಬಟ್ಟೆ ಸುತ್ತಿದ ಐಸ್ 15–20 ನಿಮಿಷ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಟ್ಟು, ವ್ಯಾಯಾಮಕ್ಕೆ ಮುಂಚೆ, ಆದಮೇಲೆ, ಮರುದಿನ ಬೆಳಿಗ್ಗೆ ಬರೆಯುವುದು. ಎಳೆತದ ನೋವು ಒಂದೆರಡು ಗಂಟೆಯಲ್ಲಿ ಇಳಿದರೆ ಮುಂದುವರಿಸಬಹುದು. ಮರುದಿನವೂ ನೋವು, ಊತ ಏರಿಯೇ ಇದ್ದರೆ ಅಂದಿನ ವ್ಯಾಯಾಮದ ಎಣಿಕೆ ಅರ್ಧ ಮಾಡಿ ಥೆರಪಿಸ್ಟ್‌ಗೆ ತಿಳಿಸುವುದು, ಪೂರ್ತಿ ನಿಲ್ಲಿಸುವುದಲ್ಲ. "ನಿಲ್ಲಿಸಿ" ಎಂದು ತಾಯಿ ಕೈ ಎತ್ತಿದರೆ ತಕ್ಷಣ ಕೈಬಿಡುವುದಾಗಿ ಥೆರಪಿಸ್ಟ್ ಒಪ್ಪಿಕೊಂಡರು. ಎದೆಬಡಿತ ಇಳಿದದ್ದು ಮುಖ್ಯವಾಗಿ ಇದರಿಂದ ಎಂದೇ ನಮ್ಮ ಅಂದಾಜು.

ವ್ಯಾಯಾಮ ಯಾವುದು, ಎಷ್ಟು ಎಂಬುದು ಆಪ್ತಸಲಹೆಗಾರರ ವ್ಯಾಪ್ತಿಯಲ್ಲ. ಅದನ್ನು ಥೆರಪಿಸ್ಟ್ ನಿಗದಿ ಮಾಡಿದರು: ತೊಡೆ ಬಿಗಿಹಿಡಿದು 5 ಸೆಕೆಂಡ್, ಹಾಸಿಗೆಯ ಮೇಲೆ ಹಿಮ್ಮಡಿ ಜಾರಿಸಿ ತಾವೇ ಮಡಚುವುದು, ತಲಾ 10 ಸಲ, ದಿನಕ್ಕೆ ಮೂರು ಹೊತ್ತು. ದಿಂಬನ್ನು ಬಿಸಾಡಬೇಕಾಗಲಿಲ್ಲ, ಮಂಡಿಯ ಕೆಳಗಿನಿಂದ ಹಿಮ್ಮಡಿಯ ಕೆಳಗೆ ಹೋಯಿತು, ಒಂದು ಸಲಕ್ಕೆ 5–10 ನಿಮಿಷ. ಊರುಗೋಲನ್ನು ಶಸ್ತ್ರಚಿಕಿತ್ಸೆಯಾದ ಕಾಲಿನ ಬದಿಗೇ, ಬಲಗೈಯಲ್ಲಿ ಹಿಡಿಯುತ್ತಿದ್ದರು, ಎದುರು ಬದಿಯ ಎಡಗೈಗೆ ಬದಲಾಯಿತು. ಎಷ್ಟೋ ಮನೆಗಳಲ್ಲಿ ಈ ತಪ್ಪು ತಿಂಗಳುಗಟ್ಟಲೆ ನಡೆದಿರುತ್ತದೆ.

ಒಂಬತ್ತನೇ ವಾರದ ಅಳತೆ: ಮಡಚುವಿಕೆ 98, ನೆಟ್ಟಗಾಗಲು ಬಾಕಿ 4. ಮೆಟ್ಟಿಲು ಹತ್ತುತ್ತಾರೆ, ಎಡಗಾಲು ಮೊದಲಿಟ್ಟು. ಇಳಿಯುವಾಗ ಬಲಗಾಲು ಮೊದಲು, ಜೊತೆಗೆ ಇನ್ನೂ ಮಗಳ ಭುಜ ಬೇಕು. ಅದಕ್ಕೆ ಕಾರಣ ತೊಡೆಯ ಬಲ ಸಾಲದಿರುವುದು, ಹೆದರಿಕೆಯಲ್ಲ ಎಂದು ಥೆರಪಿಸ್ಟ್ ಪರೀಕ್ಷಿಸಿ ಹೇಳಿದ ಮೇಲೆ ನಮ್ಮ ಭೇಟಿಗಳನ್ನು ಮುಗಿಸಿದೆವು.