ತುಂಬಿಟ್ಟ ಆರ್‌ಒ ನೀರು ಲೋಳೆಯಾಗುವುದೇಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ವರ ಸಂಸಾರ. ಕಾವೇರಿ ನೀರು ಒಮ್ಮೊಮ್ಮೆ ಎರಡು–ಮೂರು ದಿನ ಬರುವುದಿಲ್ಲ. ಆಪತ್ತಿಗಿರಲಿ ಎಂದು ಆರ್‌ಒ ನೀರನ್ನು ಕ್ಯಾನ್‌ಗಳಲ್ಲಿ ತುಂಬಿಟ್ಟರೆ ಕೆಲವೇ ದಿನಗಳಲ್ಲಿ ಒಳಗೆಲ್ಲ ಲೋಳೆ. ಶುದ್ಧ ನೀರು ಕೆಡುವುದೇಕೆ? ಎಷ್ಟು ನೀರು, ಹೇಗೆ ಇಡಬೇಕು?

ಉತ್ತರ: ನಲ್ಲಿ ನೀರಿನಲ್ಲಿ ಕಾವಲಿಗೆಂದೇ ಸ್ವಲ್ಪ ಕ್ಲೋರಿನ್ ಉಳಿಸಿರುತ್ತಾರೆ. ಆರ್‌ಒ ಯಂತ್ರದ ಕಾರ್ಬನ್ ಫಿಲ್ಟರ್ ಅದನ್ನು ತೆಗೆದುಬಿಡುತ್ತದೆ. ಆಮೇಲೆ ಕ್ಯಾನ್‌ನಿಂದಲೋ ಕೈಯಿಂದಲೋ ನಾಲ್ಕು ಸೂಕ್ಷ್ಮಾಣು ಸೇರಿದರೂ ತಡೆಯುವವರಿಲ್ಲ. ಕುದಿಸಿ ಆರಿಸಿದ ನೀರಿನದೂ ಇದೇ ಪಾಡು. ಆದ್ದರಿಂದ ದಾಸ್ತಾನಿಗೆ ನೇರ ಲೈನಿನ ನಲ್ಲಿ ನೀರೇ ಮೇಲು. ಅದನ್ನು ತುಂಬಿಡಿ, ಬೇಕೆಂದರೆ ಕುಡಿಯುವ ಹೊತ್ತಿಗೆ ಆರ್‌ಒಗೆ ಹಾಕಿಕೊಳ್ಳಿ.

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಹಿಡಿದರೆ ಮೂರು ದಿನಕ್ಕೆ 48 ಲೀಟರ್. 20 ಲೀಟರಿನ ಎರಡು ಕ್ಯಾನ್, ಐದರ ಎರಡು ಸಾಕು. ಅಟ್ಟದ ಮೇಲೆ ಬೇಡ, ತುಂಬಿದ ಕ್ಯಾನ್ 20 ಕಿಲೋ ದಾಟುತ್ತದೆ.

ಈಗಿನ ಲೋಳೆಯನ್ನು ಬರೀ ಕುಲುಕಿ ಚೆಲ್ಲಿದರೆ ಹೋಗದು. ಅದರ ಮರೆಯಲ್ಲಿ ಕುಳಿತ ಸೂಕ್ಷ್ಮಾಣುಗಳಿಗೆ ಕ್ಲೋರಿನ್ ಸರಿಯಾಗಿ ತಾಗುವುದಿಲ್ಲ. ಮೊದಲು ಸೋಪು ಹಾಕಿ, ಉದ್ದ ಹಿಡಿಯ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಬಳಿಕ ಲೀಟರ್ ನೀರಿಗೆ ಒಂದು ಟೀ ಚಮಚ ಬ್ಲೀಚ್ ದ್ರಾವಣ (ಎಂಥದ್ದೆಂದು ಮುಂದೆ ಹೇಳಿದೆ) ಬೆರೆಸಿ, ಮುಚ್ಚಳ ಹಾಕಿ, ಒಳಮೈಗೆಲ್ಲ ತಾಗುವಂತೆ ಅರ್ಧ ನಿಮಿಷ ಅಲ್ಲಾಡಿಸಿ ಚೆಲ್ಲಿ. ಒಳ್ಳೆಯ ನೀರಿನಲ್ಲಿ ಜಾಲಿಸಿ. ಮುಚ್ಚಳ, ನಲ್ಲಿಗಳಿಗೂ ಇದೇ ಉಪಚಾರ. ಒಳಗೆ ಗೀರು ಬಿದ್ದ ಕ್ಯಾನ್, ಹಾಲು–ಜ್ಯೂಸಿನ ಬಾಟಲಿ ಬೇಡವೇ ಬೇಡ.

ಸಂಪಿನ ನೀರು ತುಂಬುವುದಾದರೆ ಕ್ಲೋರಿನ್ ನೀವೇ ಹಾಕಬೇಕು. ಶೇ 5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ, ಸುವಾಸನೆಯಾಗಲಿ ಸೋಪಿನಂಶವಾಗಲಿ ಇಲ್ಲದ ಬ್ಲೀಚ್ ಆದರೆ ತಿಳಿನೀರಿಗೆ ಲೀಟರಿಗೆ ಎರಡು ಹನಿ. 20 ಲೀಟರಿಗೆ 2 ಮಿಲಿಲೀಟರ್. ಸೂಜಿ ತೆಗೆದ ಹೊಸ ಸಿರಿಂಜಿನಲ್ಲಿ ಅಳೆಯಿರಿ, ಕಣ್ಣಂದಾಜು ಬೇಡ. ಕದಡಿ ಅರ್ಧ ಗಂಟೆ ಬಿಟ್ಟು ಮೂಸಿದರೆ ಕ್ಲೋರಿನ್ನಿನ ನಸುವಾಸನೆ ಬರಬೇಕು. ಬರದಿದ್ದರೆ ಅಷ್ಟೇ ಮತ್ತೆ ಹಾಕಿ ಕಾಲು ಗಂಟೆ ಕಾಯಿರಿ. ಆಗಲೂ ಬರದಿದ್ದರೆ ಆ ನೀರು ಕುಡಿಯಲು ಬೇಡ. ಬಾಟಲಿಯ ಮೇಲೆ ಶೇಕಡಾ ಪ್ರಮಾಣ ಬರೆದಿಲ್ಲವೇ? ಅದನ್ನು ನೆಲ ಒರೆಸಲು ಬಿಟ್ಟು, ಕುಡಿಯುವ ನೀರಿನ ಕ್ಲೋರಿನ್ ಮಾತ್ರೆಯನ್ನು ಚೀಟಿಯಲ್ಲಿ ಹೇಳಿದ ಅಳತೆಯಲ್ಲೇ ಬಳಸಿ. ಟಾಯ್ಲೆಟ್ ಆಸಿಡ್ಡಿನ ಜೊತೆ ಬ್ಲೀಚ್ ಸೇರಿದರೆ ವಿಷಾನಿಲ ಏಳುತ್ತದೆ, ಎಚ್ಚರ.

ಕ್ಯಾನಿನ ಮೇಲೆ ತುಂಬಿದ ತಾರೀಖು ಬರೆದು, ಬಿಸಿಲು ಬೀಳದ ಕಡೆ ಇಡಿ. ಪೆಟ್ರೋಲ್, ಕೀಟನಾಶಕಗಳ ಪಕ್ಕ ಬೇಡ. ಅವುಗಳ ಆವಿ ಪ್ಲಾಸ್ಟಿಕ್ಕಿನೊಳಕ್ಕೂ ಇಳಿಯುತ್ತದೆ. ಆರು ತಿಂಗಳಿಗೊಮ್ಮೆ ಬದಲಿಸಿ, ಹಳೆಯದು ಗಿಡಕ್ಕೆ. ನೀರು ಬಗ್ಗಿಸಿಕೊಳ್ಳಿ ಅಥವಾ ನಲ್ಲಿಯಿಂದ ಹಿಡಿಯಿರಿ. ಚೊಂಬು ಅದ್ದಿದಿರೋ, ಇಷ್ಟೆಲ್ಲ ಮಾಡಿದ್ದು ದಂಡ.

ಪ್ರಶ್ನೆ: ನಮ್ಮದು ಕೋಲಾರದ ಕಡೆಯ ಹಳ್ಳಿ. ಕೊಳವೆಬಾವಿ ನೀರನ್ನು ಕುದಿಸಿ ತುಂಬಿಟ್ಟರೆ ಸಾಕೆ?

ಉತ್ತರ: ಒಂದು ನಿಮಿಷ ಕೊತಕೊತ ಕುದಿಸಿದರೆ ಸೂಕ್ಷ್ಮಾಣು ಸಾಯುತ್ತವೆ, ಆದರೆ ಹೆಚ್ಚಾದರೆ ಹಲ್ಲು–ಮೂಳೆ ಕೆಡಿಸುವ ಫ್ಲೋರೈಡ್ ಲವಣ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕ್ಲೋರಿನ್ನಿಗೂ ಅದು ಜಗ್ಗದು. ನಿಮ್ಮ ಭಾಗದಲ್ಲಿ ಫ್ಲೋರೈಡ್ ಹಳೆಯ ತೊಂದರೆ, ಆದ್ದರಿಂದ ಮೊದಲು ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ಬಾವಿ ಬಳಕೆಗಿರಲಿ. ಕುಡಿಯಲು ಊರಿನ ಶುದ್ಧ ನೀರಿನ ಘಟಕದ ನೀರು ತಂದು, ಮೇಲೆ ಹೇಳಿದಂತೆ ಕ್ಲೋರಿನ್ ಹಾಕಿಡಿ.