ಗದಗಿನ ಅಕ್ಕನವರ ಪ್ರಶ್ನೆಗೆ: ಮೂವತ್ತು ಇಂಚಿನ ಬೇಸ್ ಕೊಳ್ಳುವ ಮೊದಲು

ಅಕ್ಕನವರೇ, ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಗೆಳತಿಯ 34 ಇಂಚಿನ ಬೇಸ್ ಗಿಟಾರ್ (ತಗ್ಗಿನ ಸ್ವರಗಳ ಗಿಟಾರ್) ಮೇಲೆ ಮೂರು ತಿಂಗಳಿಂದ ಕಲಿಯುತ್ತಿದ್ದೀರಿ. ಈ ಇಂಚು ಎಂದರೆ ತಂತಿಯ ನುಡಿಯುವ ಭಾಗದ ಉದ್ದ, ಅದನ್ನೇ ಸ್ಕೇಲ್ ಎನ್ನುತ್ತಾರೆ. ಸಂಜೆ ಅರ್ಧ ಗಂಟೆ ನುಡಿಸಿದರೆ ಮರುದಿನ ಬೆಳಿಗ್ಗೆ ರೊಟ್ಟಿಯ ಹಿಟ್ಟು ನಾದುವಾಗ ಎಡಗೈಯ ಮಣಿಕಟ್ಟು ನೋಯುತ್ತದೆ. ಕೈಯಲ್ಲಿ 25,000 ರೂಪಾಯಿ ಇದೆ. 30 ಇಂಚಿನ ಹೊಸದೊಂದನ್ನೂ 28.6 ಇಂಚಿನ ಹಳೆಯದೊಂದನ್ನೂ ನೋಡಿದ್ದೀರಿ. ಅಂಗಡಿಯವರು ಮಾತ್ರ ‘ಚಿಕ್ಕ ಸ್ಕೇಲ್ ಮಕ್ಕಳಿಗೆ, ವರ್ಷದೊಳಗೆ ದೊಡ್ಡದನ್ನೇ ಕೊಳ್ಳುತ್ತೀರಿ’ ಎಂದು ಹೇಳಿ ನಿಮ್ಮನ್ನು ಗೊಂದಲಕ್ಕೆ ತಳ್ಳಿದ್ದಾರೆ.

ನನ್ನ ಉತ್ತರವನ್ನು ಮೊದಲೇ ಹೇಳುತ್ತೇನೆ. 30 ಇಂಚಿನದನ್ನು ಕೊಳ್ಳಿ. ಆದರೆ ಅದರ ಇ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು, ಚೆನ್ನಾಗಿ ಕೇಳದೆ ಹಣ ಕೊಡಬೇಡಿ. ಚಿಕ್ಕ ಸ್ಕೇಲ್‌ನ ಸೋಲು ಗೆಲುವು ಇರುವುದು ಆ ಒಂದು ತಂತಿಯಲ್ಲಿ. ನಾನು ಹುಬ್ಬಳ್ಳಿಯ ಆರ್ಕೆಸ್ಟ್ರಾಗಳಲ್ಲಿ ಹದಿನೆಂಟು ವರ್ಷಗಳಿಂದ ಬೇಸ್ ನುಡಿಸುತ್ತಿದ್ದೇನೆ. ಕೊನೆಯ ಎಂಟು ವರ್ಷ 30 ಇಂಚಿನದರ ಮೇಲೆಯೇ ನುಡಿಸಿದ್ದೇನೆ. ಆ ಅನುಭವದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ‘ಮಕ್ಕಳದು’ ಎಂಬ ಮಾತನ್ನು ಮುಗಿಸಿಬಿಡೋಣ. ನಿಂತು ನುಡಿಸುವ ಮರದ ದೊಡ್ಡ ಡಬಲ್ ಬೇಸ್‌ನ ತಂತಿಯ ಉದ್ದ ಸುಮಾರು 41-42 ಇಂಚು. ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದಕ್ಕೆ 34 ಇಂಚು ಇಟ್ಟಿತು, ಅದೇ ರೂಢಿಯಾಯಿತು. ಉದ್ದ ಕಡಿಮೆಯಾದರೆ ವಾದ್ಯ ಸುಳ್ಳು ಎನ್ನುವುದಾದರೆ ಆ 34 ಇಂಚೂ ಸುಳ್ಳಾಗಬೇಕಾಗುತ್ತದೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ನುಡಿಸಿದ ಪಿಟೀಲಿನಾಕಾರದ ಹಾಫ್ನರ್ ಬೇಸ್ 30 ಇಂಚಿನದು. ಕ್ರೀಮ್ ತಂಡದ ಜ್ಯಾಕ್ ಬ್ರೂಸ್ ಕೈಯಲ್ಲಿದ್ದ ಗಿಬ್ಸನ್ ಇಬಿ-3 ಬೇಸ್ 30.5 ಇಂಚಿನದು. ರೋಲಿಂಗ್ ಸ್ಟೋನ್ಸ್‌ನ ಬಿಲ್ ವೈಮನ್ ಅವರ ಕೈಗಳು ಚಿಕ್ಕವು, ಅವರು ಚಿಕ್ಕ ಸ್ಕೇಲ್‌ಗಳನ್ನೇ ಬಯಸಿ ನುಡಿಸಿದರು. ಟಾಕಿಂಗ್ ಹೆಡ್ಸ್ ತಂಡದ ಟೀನಾ ವೇಮೌತ್ ನುಡಿಸಿದ ಫೆಂಡರ್ ಮಸ್ಟ್ಯಾಂಗ್ ಕೂಡ 30 ಇಂಚಿನದೇ. ಇವರಲ್ಲಿ ಯಾರೂ ಮಕ್ಕಳಲ್ಲ.

ನೀವು ಗಣಿತದ ಶಿಕ್ಷಕಿ ಎಂದು ಬರೆದಿದ್ದೀರಿ. ಆದ್ದರಿಂದ ಎರಡು ಬೇಸ್‌ಗಳ ನಡುವಿನ ಆಯ್ಕೆಗೆ ಲೆಕ್ಕವನ್ನೇ ಕೊಡುತ್ತೇನೆ. ಫ್ರೆಟ್ ಎಂದರೆ ನೆಕ್ (ವಾದ್ಯದ ಕತ್ತು) ಮೇಲೆ ಅಡ್ಡವಾಗಿ ಕೂರಿಸಿದ ಲೋಹದ ಕಡ್ಡಿ. ಒಂದನೆಯ ಫ್ರೆಟ್‌ನಿಂದ ನಾಲ್ಕನೆಯ ಫ್ರೆಟ್‌ವರೆಗಿನ ಅಂತರವೇ ನಿಮ್ಮ ತೋರುಬೆರಳಿನಿಂದ ಕಿರುಬೆರಳಿನವರೆಗಿನ ಚಾಚು. 34 ಇಂಚಿನ ಬೇಸ್‌ನಲ್ಲಿ ಅದು ಸುಮಾರು 130 ಮಿಲಿಮೀಟರ್, 30 ಇಂಚಿನದರಲ್ಲಿ 114, 28.6 ಇಂಚಿನದರಲ್ಲಿ 109. ದೊಡ್ಡದರಿಂದ 30ಕ್ಕೆ ಬಂದರೆ ಕೈಗೆ ಸುಮಾರು ಒಂದೂವರೆ ಸೆಂಟಿಮೀಟರ್ ಬಿಡುವು ಸಿಗುತ್ತದೆ. ಅಲ್ಲಿಂದ 28.6ಕ್ಕೆ ಇಳಿದರೆ ಮತ್ತೆ ಸಿಗುವುದು ಐದು ಮಿಲಿಮೀಟರ್ ಮಾತ್ರ.

ಈಗ ತೆರುವ ಬೆಲೆಯನ್ನು ನೋಡಿ. ಅದೇ ತಂತಿಯನ್ನು ಅದೇ ಸ್ವರಕ್ಕೆ ಬಿಗಿದರೆ ಅದರ ಎಳೆತ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 30ನ್ನು 34ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 0.78 ಬರುತ್ತದೆ, ಅಂದರೆ ಎಳೆತ ಶೇಕಡಾ 22ರಷ್ಟು ಕಡಿಮೆ. 28.6ರಲ್ಲಿ ಅದು ಶೇಕಡಾ 29ಕ್ಕೆ ಹೋಗುತ್ತದೆ. ತೆಳುವಾದ ಜಿ ಮತ್ತು ಡಿ ತಂತಿಗಳಿಗೆ ಇದರಿಂದ ಕೆಡುಕಿಲ್ಲ, ಬೆರಳಿಗೆ ಮೆತ್ತಗಾಗಿ ಹಿತವಾಗಿಯೇ ಇರುತ್ತದೆ. ಇ ತಂತಿಯೇ ಕಷ್ಟಕ್ಕೆ ಸಿಲುಕುವುದು. ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಅಂದರೆ 41 ಹರ್ಟ್ಸ್. ಅಷ್ಟು ತಗ್ಗಿನ ಸ್ವರಕ್ಕೆ ದಪ್ಪ ತಂತಿ ಬೇಕು, ದಪ್ಪ ತಂತಿ ಚೆನ್ನಾಗಿ ಆಡಲು ಉದ್ದವೂ ಬಿಗಿಯೂ ಬೇಕು. ಎರಡೂ ಕಡಿಮೆಯಾದರೆ ಸ್ವರದ ಅಂಚು ಮಸುಕಾಗುತ್ತದೆ. ನಾದ ಇರುತ್ತದೆ, ಆದರೆ ಯಾವ ಸ್ವರ ಎಂದು ಕಿವಿ ಹುಡುಕಾಡುತ್ತದೆ. ಪುಣ್ಯಾಶ್ರಮದ ಊರಿನವರಾದ ನಿಮಗೆ ತಂಬೂರಿಯ ಖರಜ (ಎಲ್ಲಕ್ಕಿಂತ ತಗ್ಗಿನ ತಂತಿ) ಹೇಗಿರಬೇಕು ಎಂದು ನಾನು ಹೇಳಬೇಕಾಗಿಲ್ಲ. ಖರಜ ಕೂಡದಿದ್ದರೆ ಉಳಿದ ಮೂರು ತಂತಿ ಎಷ್ಟೇ ಕೂಡಿದ್ದರೂ ಗವಾಯಿಗಳು ಹಾಡಲು ತೊಡಗುವುದಿಲ್ಲ. ಬೇಸ್‌ನಲ್ಲಿ ಇ ತಂತಿಗೆ ಅದೇ ಸ್ಥಾನ. ಐದು ಮಿಲಿಮೀಟರ್‌ಗಾಗಿ ಅದನ್ನು ಇನ್ನಷ್ಟು ಸಡಿಲ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹತ್ತು ವರ್ಷದ ಮಗುವಿಗೆ ಕೊಡಿಸುವುದಾಗಿದ್ದರೆ 28.6 ಇಂಚಿನ ಐಬನೇಜ್ ಮೈಕ್ರೋ ತೆಗೆದುಕೊಳ್ಳಿ ಎಂದೇ ಹೇಳುತ್ತಿದ್ದೆ.

ಇಲ್ಲಿ ನನಗೆ ಆದ ಒಂದು ನಷ್ಟವನ್ನು ಹೇಳಲೇಬೇಕು. ಮೊದಲ ಚಿಕ್ಕ ಬೇಸ್ ತಂದ ವರ್ಷ ಅದರ ತಂತಿಗಳು ಹಳತಾದವು. ಊರಿನಲ್ಲಿ ಚಿಕ್ಕ ಸ್ಕೇಲ್‌ನ ತಂತಿ ಸಿಗಲಿಲ್ಲ. ಉದ್ದ ಸ್ಕೇಲ್‌ನ ತಂತಿಗಳನ್ನು ತಂದು, ಹೆಚ್ಚಾದ ಭಾಗವನ್ನು ಕತ್ತರಿಸಿ ಕಟ್ಟಿದೆ. ಆ ದಿನದಿಂದ ಇ ತಂತಿ ಸತ್ತಂತೆ ಆಯಿತು. ಗಣೇಶನ ಪೆಂಡಾಲಿನಲ್ಲಿ ಎರಡು ಹಾಡಿಗೊಮ್ಮೆ ಶ್ರುತಿ ಇಳಿಯುತ್ತಿತ್ತು, ನಾನು ಬೆವರುತ್ತಾ ವಾದ್ಯದ ಕಿವಿಯನ್ನು, ಅಂದರೆ ತಂತಿ ಬಿಗಿಯುವ ತಿರುಪನ್ನು, ತಿರುಪುತ್ತಿದ್ದೆ. ಐದು ತಿಂಗಳು ವಾದ್ಯವೇ ಕೆಟ್ಟದ್ದು ಎಂದು ನಂಬಿ ಮಾರಲು ಹೊರಟಿದ್ದೆ. ಕೊನೆಗೆ ಹಿರಿಯರೊಬ್ಬರು ತಂತಿ ಸುತ್ತುವ ಗೂಟವನ್ನು ನೋಡಿ ಕಾರಣ ಹೇಳಿದರು. ಬೇಸ್ ತಂತಿ ಎಂದರೆ ನಡುವೆ ಒಂದು ಉಕ್ಕಿನ ಎಳೆ, ಅದರ ಮೇಲೆ ಬಿಗಿಯಾದ ಸುತ್ತುಗಳು. ಕಿವಿಯ ಗೂಟಕ್ಕೆ ಸುತ್ತುವ ತುದಿಯಲ್ಲಿ ಅದನ್ನು ಸಣ್ಣಗೆ ಮಾಡಿರುತ್ತಾರೆ. ಉದ್ದ ತಂತಿಯನ್ನು ಚಿಕ್ಕ ಬೇಸ್‌ಗೆ ಹಾಕಿದರೆ ಸಣ್ಣ ತುದಿ ಕತ್ತರಿಗೆ ಹೋಗಿ, ದಪ್ಪ ಭಾಗವೇ ಗೂಟಕ್ಕೆ ಸುತ್ತಿಕೊಳ್ಳುತ್ತದೆ. ಮಡಿಕೆ ಹಾಕದೆ ಕತ್ತರಿಸಿದರೆ ಮೇಲಿನ ಸುತ್ತು ಒಳಗಿನ ಎಳೆಯಿಂದ ಜಾರುತ್ತದೆ. ನಾನು ಎರಡೂ ತಪ್ಪು ಮಾಡಿದ್ದೆ. ಸರಿಯಾದ ತಂತಿ ಬಂದ ದಿನ ಅದೇ ಬೇಸ್ ಬೇರೆ ವಾದ್ಯದಂತೆ ನುಡಿಯಿತು. ಇಂದಿಗೂ ಅದನ್ನೇ ನುಡಿಸುತ್ತಿದ್ದೇನೆ.

ಆದ್ದರಿಂದ ಪೊಟ್ಟಣದ ಮೇಲೆ ‘ಶಾರ್ಟ್ ಸ್ಕೇಲ್’ ಎಂದು ಬರೆದಿರುವ ತಂತಿಯನ್ನೇ ಕೊಳ್ಳಿ. ಡಿ ಅಡಾರಿಯೋದವರ 50-105 ದಪ್ಪದ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಸೆಟ್ ನನಗೆ ಒಗ್ಗಿದೆ. 45-100ರ ಸೆಟ್ ಬೆರಳಿಗೆ ಇನ್ನೂ ಹಗುರ, ಆದರೆ ಇ ತಂತಿಗೆ ದಪ್ಪದ್ದೇ ಮೇಲು. ನಮ್ಮ ಕಡೆಯ ಅಂಗಡಿಗಳಲ್ಲಿ ಇವು ಅಪರೂಪ, ತರಿಸಿಕೊಳ್ಳುವಾಗ ಎರಡು ಸೆಟ್ ಒಟ್ಟಿಗೇ ತರಿಸಿ. ನಯವಾದ ಮೈಯ ಫ್ಲ್ಯಾಟ್‌ವೂಂಡ್ ತಂತಿಗಳೂ ಇವೆ. ಹಳೆಯ ಹಾಡುಗಳ ಗುಂಡುಗುಂಡಾದ ನಾದ ಬೇಕೆಂದರೆ ಅವು ಬಹಳ ಚೆನ್ನ, ದುಬಾರಿ ಮಾತ್ರ. ಅವುಗಳ ದಪ್ಪ ಭಾಗವನ್ನಂತೂ ಗೂಟಕ್ಕೆ ಸುತ್ತಲೇಬಾರದು.

ಅಂಗಡಿಗೆ ಹೋದಾಗ ಒಂದು ಟೇಪು ಒಯ್ಯಿರಿ. ನಟ್‌ನಿಂದ (ನೆಕ್‌ನ ತಲೆಯ ಬಳಿ ತಂತಿಗಳು ಕೂರುವ ಪಟ್ಟಿಯಿಂದ) ಹನ್ನೆರಡನೆಯ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಿದರೆ ಸ್ಕೇಲ್ ಸಿಗುತ್ತದೆ. 30 ಇಂಚಿನದಕ್ಕೆ 15 ಇಂಚು ಬರಬೇಕು. ಆಮೇಲೆ ಬೇಸನ್ನು ಆಂಪ್‌ಗೆ (ಧ್ವನಿ ಹಿಗ್ಗಿಸುವ ಪೆಟ್ಟಿಗೆಗೆ) ಸೇರಿಸಿ, ಎಲ್ಲ ಗುಂಡಿಗಳನ್ನು ನಡುವಿಗಿಟ್ಟು, ಇ ತಂತಿಯನ್ನು ಬರಿದೇ ಒಮ್ಮೆ ಮೀಟಿ ಸುಮ್ಮನಿರಿ. ಅದು ಆರುವವರೆಗೂ ಕೇಳಿ. ಸ್ವರ ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ನಿಲ್ಲಬೇಕು, ಓಲಾಡಬಾರದು. ಅನಂತರ ಇ ತಂತಿಯ ಐದನೆಯ ಫ್ರೆಟ್ ಒತ್ತಿ, ಪಕ್ಕದ ಎ ತಂತಿಯನ್ನು ಬರಿದೇ ಮೀಟಿ. ಎರಡೂ ಒಂದೇ ಸ್ವರವಾಗಿರಬೇಕು. ಅವುಗಳ ನಡುವೆ ‘ವಾವ್ ವಾವ್’ ಎಂಬ ಅಲೆ ಕೇಳಿದರೆ ಕೂಡಿಲ್ಲ ಎಂದರ್ಥ. ಹನ್ನೆರಡನೆಯ ಫ್ರೆಟ್ ಮೇಲೆ ಬೆರಳನ್ನು ಬರಿದೇ ತಾಗಿಸಿ ಮೀಟಿದ ಸ್ವರ, ಒತ್ತಿ ಮೀಟಿದ ಸ್ವರ, ಇವೆರಡನ್ನೂ ಟ್ಯೂನರ್‌ನಲ್ಲಿ ನೋಡಿ. ಸ್ವಲ್ಪ ವ್ಯತ್ಯಾಸವಿದ್ದರೆ ಬ್ರಿಡ್ಜ್‌ನ (ದೇಹದ ಮೇಲೆ ತಂತಿಗಳ ಇನ್ನೊಂದು ತುದಿ ಕೂರುವ ಭಾಗದ) ತಿರುಪಿನಿಂದ ಸರಿಹೋಗುತ್ತದೆ. ಆದರೆ ನಾಲ್ಕು ತಂತಿಗೆ ಎರಡೇ ಕುದುರೆ (ತಂತಿಯನ್ನು ಹೊತ್ತ ತುಣುಕು) ಇರುವ ಬ್ರಿಡ್ಜ್ ಆಗಿದ್ದರೆ ಇ ಮತ್ತು ಎ ಎರಡನ್ನೂ ಪೂರ್ತಿ ಕೂಡಿಸಲಾಗದು. ಒಂದೊಂದು ತಂತಿಗೂ ಒಂದೊಂದು ಕುದುರೆ ಇರುವುದನ್ನೇ ಆರಿಸಿ. ಕೊನೆಗೆ ಜಿ ತಂತಿಯನ್ನು ಐದರಿಂದ ಏಳನೆಯ ಫ್ರೆಟ್‌ವರೆಗೆ ಒಂದೊಂದಾಗಿ ನುಡಿಸಿ. ಅಲ್ಲಿ ಕೆಲವು ಬೇಸ್‌ಗಳಲ್ಲಿ ಸ್ವರ ಬೇಗ ಸಾಯುತ್ತದೆ.

ಅಂಗಡಿಯಲ್ಲಿ ಎಲ್ಲರೂ ಕುಳಿತೇ ನೋಡುತ್ತಾರೆ. ನೀವು ಹೆಗಲ ಪಟ್ಟಿ ಹಾಕಿಕೊಂಡು ನಿಲ್ಲಿ, ಎಡಗೈ ಬಿಡಿ. ಚಿಕ್ಕ ಬೇಸ್‌ಗಳ ದೇಹ ಹಗುರ, ಆದ್ದರಿಂದ ತಲೆಭಾಗ ನೆಲದತ್ತ ಜಗ್ಗುವುದುಂಟು. ಹಾಗೆ ಜಗ್ಗುವ ವಾದ್ಯವನ್ನು ಎಡಗೈಯೇ ಹೊರಬೇಕಾಗುತ್ತದೆ, ನಿಮ್ಮ ಮಣಿಕಟ್ಟಿಗೆ ಅದು ಮತ್ತೆ ಶತ್ರು. ಸ್ವಲ್ಪ ಜಗ್ಗಿದರೆ ಒರಟು ಒಳಮೈಯ ಅಗಲವಾದ ಚರ್ಮದ ಪಟ್ಟಿ ತಡೆಯುತ್ತದೆ. ಬಹಳ ಜಗ್ಗಿದರೆ ಬಿಟ್ಟುಬಿಡಿ. ನೆಕ್‌ನ ಅಗಲವನ್ನೂ ಗಮನಿಸಿ. ನಟ್ ಹತ್ತಿರ 38 ಮಿಲಿಮೀಟರ್ ಇರುವುದಕ್ಕೂ 42 ಇರುವುದಕ್ಕೂ ಹಿಡಿತದಲ್ಲಿ ಬಹಳ ಅಂತರವಿದೆ. ಸ್ಕೇಲ್ ಒಂದನ್ನೇ ನೋಡಿ ಕೊಂಡವರು ಇದನ್ನು ಮನೆಗೆ ಹೋದ ಮೇಲೆ ಕಾಣುತ್ತಾರೆ.

ಯಾವ ಮಾದರಿ ಎಂದರೆ, ಸ್ಕ್ವೈರ್ ಬ್ರಾಂಕೋ ಮತ್ತು ಐಬನೇಜ್‌ನ ಟಿಎಂಬಿ 30 ಎರಡೂ 30 ಇಂಚಿನವು. ಬ್ರಾಂಕೋಗೆ ಒಂದೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿ ಹಿಡಿಯುವ ಭಾಗ), ಸರಳ ವಾದ್ಯ. ಟಿಎಂಬಿಗೆ ಎರಡು ಪಿಕಪ್. ಎರಡರ ಸ್ವರವನ್ನು ಬೆರೆಸಬಹುದು, ಆದ್ದರಿಂದ ನನ್ನ ಮತ ಅದಕ್ಕೆ. ಒಂಟಿ ಸುರುಳಿಯ ಪಿಕಪ್ ಬಗ್ಗೆ ಒಂದು ಎಚ್ಚರಿಕೆ: ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ, ಸೀರಿಯಲ್ ದೀಪ ಕಟ್ಟಿದ ಪೆಂಡಾಲಿನಲ್ಲಿ ಅದು ಗುಂಯ್ ಎನ್ನುತ್ತಲೇ ಇರುತ್ತದೆ. ತಂತಿ ಮುಟ್ಟಿದಾಗ ಬೆರಳಿಗೆ ಜುಮ್ ಎಂದರೆ ಆ ಕ್ಷಣವೇ ವಾದ್ಯ ಕೆಳಗಿಟ್ಟು ವಿದ್ಯುತ್ ಕೆಲಸದವರನ್ನು ಕರೆಸಿ. ಇದರಲ್ಲಿ ಸಂಕೋಚ ಬೇಡ.

ಹಣದ ವಿಚಾರ. 25,000ವನ್ನೂ ವಾದ್ಯಕ್ಕೇ ಸುರಿಯಬೇಡಿ. ಐದಾರು ಸಾವಿರ ಪಕ್ಕಕ್ಕಿಡಿ: ತಂತಿಗೆ, ಪಟ್ಟಿಗೆ, ಚೀಲಕ್ಕೆ, ಒಂದು ಸಲದ ಸೆಟಪ್‌ಗೆ (ನೆಕ್ಕನ್ನೂ ತಂತಿಗಳನ್ನೂ ಹೊಂದಿಸುವ ಕೆಲಸಕ್ಕೆ), ಹೆಡ್‌ಫೋನ್ ಹಾಕಿ ನುಡಿಸುವ ಪುಟ್ಟ ಆಂಪ್‌ಗೆ. ಚೀಲ ಕೊಳ್ಳುವಾಗ ಅಳೆದುಕೊಳ್ಳಿ, ಸಾಮಾನ್ಯ ಗಿಟಾರಿನ ಚೀಲದಲ್ಲಿ 30 ಇಂಚಿನ ಬೇಸ್ ಹಿಡಿಸುವುದಿಲ್ಲ. ಹೆಡ್‌ಫೋನ್ ತಂತಿಯದ್ದೇ ಇರಲಿ. ಬ್ಲೂಟೂತ್‌ನಲ್ಲಿ ನೀವು ಮೀಟಿದ್ದು ಒಂದು ಗಳಿಗೆ ತಡವಾಗಿ ಕೇಳಿ ತಾಳ ಕೆಡುತ್ತದೆ. ಮನೆಯಲ್ಲಿರುವ ಗಿಟಾರ್ ಆಂಪ್‌ಗೆ ಬೇಸ್ ಸೇರಿಸಿ ಜೋರಾಗಿ ಇಟ್ಟರೆ ಅದರ ಸ್ಪೀಕರ್ ಹರಿಯಬಹುದು. ಚಿಕ್ಕ ಸ್ಪೀಕರ್‌ನಲ್ಲಿ 41 ಹರ್ಟ್ಸ್ ಹೇಗೂ ಪೂರ್ತಿ ಕೇಳಿಸುವುದಿಲ್ಲ. ಇ ತಂತಿಯನ್ನು ಅರಿಯಲು ಒಳ್ಳೆಯ ಹೆಡ್‌ಫೋನೇ ವಾಸಿ.

ಸೆಟಪ್ ಏಕೆ ಎಂದು ಕೇಳಬಹುದು. ಮರ ಹವೆಗೆ ತಕ್ಕಂತೆ ಅಲುಗುತ್ತದೆ. ಧಾರವಾಡದ ಜುಲೈ ಮಳೆಯಲ್ಲಿ ನನ್ನ ಬೇಸ್‌ನ ನೆಕ್ ಮುಂದಕ್ಕೆ ಬಾಗಿ ತಂತಿಗಳು ಮೇಲೇಳುತ್ತವೆ, ಮಾರ್ಚ್‌ನ ಒಣ ಗಾಳಿಗೆ ನೆಟ್ಟಗಾಗಿ ಫ್ರೆಟ್‌ಗಳು ಕಿರಗುಡುತ್ತವೆ. ಗದಗಿನ ಹವೆ ಇನ್ನೂ ಒಣ. ಒಂದನೆಯ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒತ್ತಿಹಿಡಿದು ಏಳೆಂಟನೆಯ ಫ್ರೆಟ್ ಬಳಿ ತಂತಿಯ ಕೆಳಗೆ ನೋಡಿ. ಒಂದು ವಿಸಿಟಿಂಗ್ ಕಾರ್ಡಿನಷ್ಟು ಸಂದು ಇದ್ದರೆ ಸರಿ. ಹೆಚ್ಚು ಕಡಿಮೆಯಾದರೆ ನೆಕ್ ಒಳಗಿನ ಟ್ರಸ್ ರಾಡನ್ನು (ನೆಕ್‌ನ ಬಾಗು ಹೊಂದಿಸುವ ಲೋಹದ ಸಲಾಕೆಯನ್ನು) ಕಾಲು ಸುತ್ತಷ್ಟೇ ತಿರುಗಿಸಿ, ಒಂದು ದಿನ ಬಿಟ್ಟು ನೋಡಬೇಕು. ಮೊದಲ ಸಲ ತಿಳಿದವರಿಂದಲೇ ಮಾಡಿಸಿ, ಪಕ್ಕದಲ್ಲಿ ನಿಂತು ಕಲಿತುಕೊಳ್ಳಿ.

ಮಣಿಕಟ್ಟಿನ ನೋವು ವಾದ್ಯ ಬದಲಿಸಿದ ಮಾತ್ರಕ್ಕೆ ಹೋಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಪಟ್ಟಿಯನ್ನು ಎತ್ತರಿಸಿ ಕಟ್ಟಿ, ಮಣಿಕಟ್ಟು ನೇರವಾಗಿರಲಿ, ಹೆಬ್ಬೆರಳು ನೆಕ್‌ನ ಹಿಂದೆ ಸಡಿಲವಾಗಿರಲಿ. ಮೊದಲ ಐದು ಫ್ರೆಟ್‌ಗಳಲ್ಲಿ ನಾಲ್ಕು ಬೆರಳಿಗೆ ನಾಲ್ಕು ಫ್ರೆಟ್ ಎಂಬ ಹಟ ಬೇಡ. ಡಬಲ್ ಬೇಸ್ ನುಡಿಸುವವರು ತೋರುಬೆರಳು, ನಡುಬೆರಳು, ಕಿರುಬೆರಳು ಇವುಗಳಿಂದ ಮೂರೇ ಫ್ರೆಟ್‌ನಷ್ಟು ಜಾಗ ಹಿಡಿದು, ಉಳಿದದ್ದಕ್ಕೆ ಕೈಯನ್ನೇ ಸರಿಸುತ್ತಾರೆ. ಉಂಗುರಬೆರಳು ಕಿರುಬೆರಳಿಗೆ ಬಲ ಕೊಡುತ್ತದೆ. ಇದನ್ನು ಗೆಳತಿಯ ಬೇಸ್ ಮೇಲೆ ಇಂದೇ ಮಾಡಿ ನೋಡಬಹುದು. ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ಮೊದಲು ವೈದ್ಯರಿಗೆ ತೋರಿಸಿ. ಚಿಕ್ಕ ಬೇಸ್ ಬಂದ ಮೇಲೆ ಒತ್ತುವ ಬಲವನ್ನು ಇಳಿಸಿಕೊಳ್ಳಿ. ತಂತಿ ಸಡಿಲವಾಗಿರುವುದರಿಂದ ಬಿಗಿಯಾಗಿ ಒತ್ತಿದರೆ ಸ್ವರ ಏರುತ್ತದೆ, ವಿಶೇಷವಾಗಿ ಇ ತಂತಿಯಲ್ಲಿ. ಬಲಗೈಯನ್ನು ಸ್ವಲ್ಪ ಬ್ರಿಡ್ಜ್ ಕಡೆಗೆ ಸರಿಸಿ ಮೀಟಿದರೆ ಅದಕ್ಕೆ ಅಂಚು ಬರುತ್ತದೆ.

ಮುಂದೆ ದೊಡ್ಡ ಬೇಸ್‌ಗೆ ಹೋಗಬೇಕೆನಿಸಿದರೂ ಕಲಿತದ್ದು ವ್ಯರ್ಥವಾಗುವುದಿಲ್ಲ. ಸ್ವರಸ್ಥಾನಗಳು ಅವೇ, ಅಂತರವಷ್ಟೇ ಬೇರೆ.

ಕೊಳ್ಳಲು ಹುಬ್ಬಳ್ಳಿಗೆ ಬರುವುದಾದರೆ ಎರಡು ದಿನ ಮೊದಲು ಇಲ್ಲಿ ಬರೆಯಿರಿ. ನನ್ನ ಬೇಸ್ ತೆಗೆದುಕೊಂಡು ಅಂಗಡಿಗೇ ಬರುತ್ತೇನೆ. ಹೊಸದರ ಇ ತಂತಿಯನ್ನೂ ನನ್ನದರ ಇ ತಂತಿಯನ್ನೂ ಒಂದೇ ಆಂಪ್‌ನಲ್ಲಿ ಒಂದಾದ ಮೇಲೊಂದು ಮೀಟಿ ಕೇಳಬಹುದು.